ಎಡಗೈ ಮೌಸ್

ಮನೆಯ ಬಗ್ಗೆ ಬರೆಯುತ್ತಿದ್ದೇನೆಂದು ತಿಳಿದಾಗ ಅಣ್ಣ ಫೋನ್ ಮಾಡಿದ್ದ. ಬರೆಯುವುದಾದರೆ ಒಳ್ಳೆಯದನ್ನಷ್ಟೇ ಬರಿ, ಅಪ್ಪ ಇಲ್ಲ, ಅಜ್ಜಿ ಇಲ್ಲ, ಈಗ ಅದನ್ನೆಲ್ಲ ಕೆದಕಿ ಏನಾಗಬೇಕು ಎಂದ. ಅಮ್ಮನೂ ಪಕ್ಕದಲ್ಲೇ ಇದ್ದಳೆಂದು ಕಾಣುತ್ತದೆ, ಅವನು ನಡುನಡುವೆ ನಿಲ್ಲಿಸಿ ಯಾರದೋ ಮುಖ ನೋಡಿ ಮುಂದುವರಿಸುವವನ ಹಾಗೆ ಮಾತಾಡುತ್ತಿದ್ದ. ಆಯಿತು ಎಂದು ಫೋನ್ ಇಟ್ಟು, ಒಳ್ಳೆಯದು ಏನೇನಿತ್ತು ಎಂದು ಕೂತು ಯೋಚಿಸಿದೆ. ಹುರುಳಿಕಾಳಿನ ಸಾರು ಚೆನ್ನಾಗಿರುತ್ತಿತ್ತು. ಬೇಸಿಗೆಯಲ್ಲಿ ಮನೆ ತಂಪಾಗಿರುತ್ತಿತ್ತು. ಅದರಾಚೆ ನೆನಪಿಗೆ ಬರುವುದೆಲ್ಲ ಜಗಳವೇ. ಅವುಗಳಲ್ಲಿ ಒಂದು ಮಾತ್ರ ನನ್ನೊಳಗೆ ಇನ್ನೂ ಮುಗಿದಿಲ್ಲ. ಅದು ಕಂಪ್ಯೂಟರಿನ ಒಂದು ಮೌಸಿಗಾಗಿ ಆದದ್ದು. ಅದನ್ನೇ ಬರೆಯುತ್ತೇನೆ.

ನಮ್ಮ ಮನೆ ತಿಪಟೂರಿನಿಂದ ತುರುವೇಕೆರೆ ಕಡೆ ಹೋಗುವ ದಾರಿಯಲ್ಲಿ, ತೋಟದ ಅಂಚಿನಲ್ಲಿತ್ತು. ಮುಂದೆ ಜಗಲಿ, ಒಳಗೆ ಉದ್ದನೆಯ ನಡುಮನೆ, ಅದರ ಒಂದು ಕಡೆ ಅಡುಗೆಮನೆ, ಇನ್ನೊಂದು ಕಡೆ ದೇವರ ಮನೆ ಮತ್ತು ಅಜ್ಜಿಯ ಕೋಣೆ. ನಡುಮನೆಯ ಮೇಲೆ ಪೂರ್ತಿ ಅಟ್ಟ, ಅಟ್ಟದ ತುಂಬ ಸುಲಿಯದ ತೆಂಗಿನಕಾಯಿ. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವವರೆಗೆ ಅವು ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಬಿದ್ದಿರುತ್ತಿದ್ದವು. ನಾವು ಆ ಕಾಯಿಗಳ ಕೆಳಗೆ ಉಣ್ಣುತ್ತಿದ್ದೆವು, ಓದುತ್ತಿದ್ದೆವು, ಬೈದಾಡುತ್ತಿದ್ದೆವು. ಹಲಗೆಗಳ ಸಂದಿಯಿಂದ ನಾರಿನ ಪುಡಿ ತಟ್ಟೆಗೂ ತಲೆಗೂ ಉದುರುತ್ತಿತ್ತು. ಇಲಿಗಳ ಓಡಾಟಕ್ಕೆ ಹೊತ್ತುಗೊತ್ತು ಇರಲಿಲ್ಲ. ಅಪ್ಪ ದಿನಕ್ಕೊಂದು ಸಲ ಏಣಿ ಹತ್ತಿ ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದ. ಅಷ್ಟು ಗಮನವಿಟ್ಟು ಅವನು ಕೆಳಗಿದ್ದ ನಮ್ಮ ಯಾರ ಮಾತನ್ನೂ ಕೇಳಿಸಿಕೊಂಡದ್ದು ನಾನು ಕಾಣೆ. ಮಾರುಕಟ್ಟೆಯಲ್ಲಿ ಕೊಬ್ಬರಿ ಬೆಲೆ ಇಳಿದ ದಿನ ನಾವು ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದೆವು.

ನಾನು ಎಡಗೈಯವಳು. ಇದು ಅಜ್ಜಿಗೆ ಗೊತ್ತಾದದ್ದು ನಾನು ತಟ್ಟೆಗೆ ಕೈ ಹಾಕಲು ಶುರುಮಾಡಿದಾಗ. ಅಂದಿನಿಂದ ಅವಳಿಗೆ ಅದೊಂದು ಕೆಲಸವಾಯಿತು. ಮುದ್ದೆ ಮುರಿಯಲು ಎಡಗೈ ಎತ್ತಿದರೆ ಸೌಟಿನ ಹಿಡಿಯಿಂದ ಗೆಣ್ಣಿಗೆ ಒಂದು ಬೀಳುತ್ತಿತ್ತು. ಯಾರಿಗಾದರೂ ನೀರಿನ ಲೋಟ ಕೊಡುವಾಗ, ಕುಂಕುಮ ಹಚ್ಚಿಕೊಳ್ಳುವಾಗ, ಕಸ ಗುಡಿಸುವಾಗ, ಕೊನೆಗೆ ಬೀದಿಯಲ್ಲಿ ಯಾರಿಗೋ ದಾರಿ ತೋರಿಸುವಾಗಲೂ ಅವಳ ಕಣ್ಣು ನನ್ನ ಕೈಮೇಲೆ ಇರುತ್ತಿತ್ತು. ಮನೆಗೆ ಬಂದವರ ಮುಂದೆ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ನಮ್ಮ ಎಡಚಿ ಎನ್ನುತ್ತಿದ್ದಳು. ಬಲಗೈಯಲ್ಲಿ ಉಣ್ಣುವುದನ್ನು ಕಲಿತೆ, ಬರೆಯುವುದನ್ನು ಕಲಿಯಲಿಲ್ಲ. ಶಾಲೆಯಲ್ಲಿ ಮೇಷ್ಟರು ಬಿಟ್ಟುಬಿಟ್ಟರು. ಅಣ್ಣನಿಗೆ ನನಗಿಂತ ಮೂರು ವರ್ಷ ಹೆಚ್ಚು. ಅವನಿಗೆ ಮೊದಲ ಮುದ್ದೆ, ಮೊದಲ ತುಪ್ಪ, ಕಿಟಕಿಯ ಪಕ್ಕದ ಜಾಗ. ಅವನು ಅದನ್ನೆಲ್ಲ ಕೇಳಿ ಪಡೆದುಕೊಂಡವನಲ್ಲ, ಅವನಿಗೆ ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಅವನ ಓದಿಗೆಂದು ನಡುಮನೆಗೆ ಕಂಪ್ಯೂಟರ್ ಬಂತು. ಅವನು ಅದರಲ್ಲಿ ಓದಿದ್ದನ್ನು ನಾನಂತೂ ನೋಡಲಿಲ್ಲ. ಇಬ್ಬರೂ ಆಟಕ್ಕೆ ಬಿದ್ದೆವು. ಮುರುಕು ಗೋಡೆಗಳ ನಡುವೆ ಬಂದೂಕು ಹಿಡಿದು ಓಡುತ್ತ, ಎದುರಾದವರನ್ನು ಹೊಡೆದು ಉರುಳಿಸುವ ಆಟ. ಸಂಜೆ ಅವನದೊಂದು ಪಾಳಿ, ನನ್ನದೊಂದು ಪಾಳಿ. ನಾನು ಕೀಲಿಮಣೆಯ ಬಾಣದ ಗುಂಡಿಗಳ ಮೇಲೆ ಬಲಗೈ ಇಟ್ಟು, ಮೌಸನ್ನು ಎಡಗಡೆಗೆ ಎಳೆದುಕೊಂಡು ಆಡುತ್ತಿದ್ದೆ. ನನ್ನ ತೋರುಬೆರಳಿಗೆ ಸಿಗುವಂತೆ ಮೌಸಿನ ಎರಡು ಗುಂಡಿಗಳ ಕೆಲಸವನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದೆ. ಎದ್ದು ಹೋಗುವಾಗ ಅದನ್ನು ಮೊದಲಿನ ಹಾಗೆ ಮಾಡಲು ಮರೆತರೆ, ಅಣ್ಣ ಕೂತು ಒಂದು ಕಡೆ ಒತ್ತಿದರೆ ಇನ್ನೊಂದು ಆಗುತ್ತಿತ್ತು. ಅವನು ಕಿರುಚುತ್ತಿದ್ದ, ಎಡಚಿ ಕಂಪ್ಯೂಟರನ್ನೂ ಕೆಡಿಸಿದಳು ಎಂದು ಅಜ್ಜಿ ಕೋಣೆಯಿಂದಲೇ ದನಿ ಸೇರಿಸುತ್ತಿದ್ದಳು. ಆ ಮೌಸೂ ಬಲಗೈಯವರಿಗಾಗಿಯೇ ಕಡೆದದ್ದು. ಹೆಬ್ಬೆರಳಿಗೆ ಮಾಡಿದ ಗುಳಿಯಲ್ಲಿ ನನ್ನ ಕಿರುಬೆರಳು ಸಿಕ್ಕಿಕೊಂಡು ಮಣಿಕಟ್ಟು ನೋಯುತ್ತಿತ್ತು. ಆದರೂ ಅವನಿಗಿಂತ ಚೆನ್ನಾಗಿ ಆಡುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು.

ನಾನು ದೊಡ್ಡವಳಾದಾಗ ನನ್ನನ್ನು ನಡುಮನೆಯ ಮೂಲೆಯಲ್ಲೇ ಕೂರಿಸಿದರು. ಚಾಪೆ, ತಟ್ಟೆ, ಲೋಟ ಎಲ್ಲ ಬೇರೆ. ಏನನ್ನೂ ಮುಟ್ಟುವಂತಿಲ್ಲ. ಅಜ್ಜಿ ಎಳ್ಳು ಚಿಗಳಿ, ಕೊಬ್ಬರಿ ಬೆಲ್ಲ, ಮೆಂತ್ಯದ ಉಂಡೆ ಎಂದು ದಿನವಿಡೀ ತಿನ್ನಿಸಿದಳು. ಅವಳು ನನ್ನ ಮೇಲೆ ತೋರಿಸಿದ ಅಕ್ಕರೆ ಅದೊಂದೇ, ಅದೂ ನನಗಾಗಿ ಆಗಿರಲಿಲ್ಲ, ಮುಂದೆ ನಾನು ಹೆರಬೇಕಾದ ಮಕ್ಕಳಿಗಾಗಿ. ಎದುರಿಗೇ ಕಂಪ್ಯೂಟರ್. ಅಷ್ಟೂ ದಿನ ನನ್ನ ಪಾಳಿಯನ್ನೂ ಸೇರಿಸಿ ಅಣ್ಣನೇ ಆಡಿದ. ನಡುನಡುವೆ ಹಿಂತಿರುಗಿ ನನ್ನ ಕಡೆ ನೋಡುತ್ತಿದ್ದ. ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ, ಆಡಿದ್ದರೆ ನನಗೆ ಬೈಯಲಿಕ್ಕಾದರೂ ಆಗುತ್ತಿತ್ತು.

ಒಸಗೆಯ ದಿನ ದಬ್ಬೇಘಟ್ಟದಿಂದ ಸೋದರಮಾವ ಬಂದ. ಹಸಿ ಗರಿಯ ಗುಡಿಸಲು ಹಾಕಿದ, ಸೀರೆ ತಂದ, ಆರತಿಯಾಯಿತು. ಜುಮುಕಿ ಕೊಡಿಸುವುದು ಬಾಕಿ ಇದೆ, ತಿಪಟೂರಿಗೆ ಹೋಗಿ ನೀನೇ ಆರಿಸಿಕೋ ಎಂದ. ನೆಂಟರೆಲ್ಲ ಸುತ್ತ ಕೂತಿದ್ದರು. ಜುಮುಕಿ ಬೇಡ, ಮೌಸ್ ಕೊಡಿಸು ಎಂದೆ. ಮಾವನಿಗೆ ಅರ್ಥವಾಗಲಿಲ್ಲ. ಅಣ್ಣ ನಕ್ಕು ವಿವರಿಸಿದ ಮೇಲೆ ನೆಂಟರೂ ನಕ್ಕರು. ಅಜ್ಜಿ ನಗಲಿಲ್ಲ.

"ಕಿವಿಗೆ ಬೇಡ್ವಂತೆ, ಆ ದರಿದ್ರದ ಕೈಗೆ ಬೇಕಂತೆ," ಎಂದಳು. "ಇವಳನ್ನ ನಾಳೆ ಯಾವನ್ಗೆ ಕಟ್ಟಾದು?"

ಮಾವ ನನ್ನ ಮುಖ ನೋಡಿದ, ಅಮ್ಮನ ಮುಖ ನೋಡಿದ. ಅಮ್ಮ ತಲೆ ಎತ್ತಲಿಲ್ಲ. ನೀನೇ ಆರಿಸಿಕೋ ಎಂದು ಬಾಯಿಬಿಟ್ಟು ಆಡಿದ್ದೇನೆ, ಕೊಡಿಸುತ್ತೇನೆ ಎಂದ. ಅವನಿಗೂ ಅದು ಇಷ್ಟವಿರಲಿಲ್ಲ.

ತಿಪಟೂರಿಗೆ ಹೊರಡುವ ಮುಂಚೆ ನಾನು ಗೋಣಿದಾರದಲ್ಲಿ ಅಳತೆ ತೆಗೆದುಕೊಂಡೆ. ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಬಲಗಡೆ ನೆಲದ ಮೇಲಿತ್ತು. ಮೌಸಿನ ವೈರು ಅದರ ಹಿಂಬದಿಯಿಂದ ಹೊರಟು, ಪರದೆಯ ಹಿಂದೆ ಸುತ್ತಿ, ಎಡ ಅಂಚಿನವರೆಗೆ ಬಂದು, ಕೈ ಆಡಿಸಲು ಇನ್ನಷ್ಟು ಸಡಿಲವಿರಬೇಕು. ಅಂಗಡಿಯವನು ವೈರಿಲ್ಲದ್ದನ್ನೇ ತಗೋ, ಅಳತೆಯ ತಾಪತ್ರಯವೇ ಇಲ್ಲ ಎಂದ. ಬೇಡ ಎಂದೆ. ಅದರ ಬ್ಯಾಟರಿ ನಮ್ಮ ಮನೆಯಲ್ಲಿ ಒಂದು ವಾರದೊಳಗೆ ಟೀವಿ ರಿಮೋಟಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಆಟದ ಮೌಸುಗಳನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದ. ಒಂದೊಂದನ್ನೇ ಹೊರಗೆ ತೆಗೆಸಿ ಎಡ ಅಂಗೈಯಲ್ಲಿ ಕೂರಿಸಿ ನೋಡಿದೆ. ಹೆಚ್ಚಿನವು ಒಂದು ಕಡೆಗೆ ವಾಲಿದ್ದವು, ಅಜ್ಜಿಯ ಹಾಗೆ ಅವೂ ಬಲಗೈ ಒಂದನ್ನೇ ಬಲ್ಲವು. ಒಂದು ಕಲ್ಲಿನಷ್ಟು ಭಾರ. ಒಂದರ ಗುಂಡಿ ಒತ್ತಿದರೆ ಮೆತ್ತಗೆ ಒಳಕ್ಕೆ ಇಳಿದು, ಒತ್ತಿತೋ ಇಲ್ಲವೋ ಬೆರಳಿಗೆ ಗೊತ್ತೇ ಆಗುತ್ತಿರಲಿಲ್ಲ. ಕೊನೆಗೆ ಕಪ್ಪನೆಯದೊಂದು ಸಿಕ್ಕಿತು. ಎಡಬಲ ಎರಡೂ ಒಂದೇ ಆಕಾರ, ಹೆಬ್ಬೆರಳಿನ ಗುಂಡಿಗಳು ಎರಡೂ ಪಕ್ಕ ಇದ್ದವು. ಒತ್ತಿದರೆ ಚಿಟಿಕೆ ಹೊಡೆದ ಹಾಗೆ ಸ್ಪಷ್ಟ ಸದ್ದು. ಗುಂಡಿಗಳ ಅದಲುಬದಲನ್ನು ಮೌಸಿನೊಳಗೇ ಉಳಿಸಿಡಬಹುದಿತ್ತು, ಅಂದರೆ ಕಂಪ್ಯೂಟರಿನಲ್ಲಿ ಏನನ್ನೂ ಮುಟ್ಟಬೇಕಾಗಿರಲಿಲ್ಲ. ವೈರಿಗೆ ದಾರದ ಹೆಣಿಗೆ ಇತ್ತು. ಗೋಣಿದಾರ ಹಿಡಿದು ನೋಡಿದೆ, ನನ್ನ ಅಳತೆಗಿಂತ ಗೇಣುದ್ದ ಹೆಚ್ಚೇ ಇತ್ತು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಮಾವ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಅಣ್ಣನ ಮೌಸ್ ಅವನಿಗೆ, ನನ್ನದು ನನಗೆ, ಇನ್ನು ಜಗಳವಿಲ್ಲ ಎಂದುಕೊಂಡಿದ್ದೆ. ಎರಡು ಮೌಸನ್ನೂ ಒಟ್ಟಿಗೆ ಚುಚ್ಚಿಟ್ಟರೆ ಎರಡೂ ಕೆಲಸ ಮಾಡುತ್ತವೆ ಎನ್ನುವುದು ಅವನಿಗೆ ಮೊದಲ ದಿನವೇ ಗೊತ್ತಾಯಿತು. ನಾನು ಗುರಿ ಹಿಡಿದ ಹೊತ್ತಿಗೆ ಅವನು ಹಿಂದಿನಿಂದ ಬಂದು ತನ್ನ ಮೌಸನ್ನು ಒಂದಿಷ್ಟು ತಳ್ಳುತ್ತಿದ್ದ. ಪರದೆಯ ಮೇಲಿನ ಬಂದೂಕು ಆಕಾಶ ನೋಡುತ್ತಿತ್ತು, ನಾನು ಸಾಯುತ್ತಿದ್ದೆ. ಅವನ ಪಾಳಿಯಲ್ಲಿ ನಾನೂ ಹಾಗೇ ಮಾಡಿದೆ. ಅವನು ಕಾಲಿನಿಂದ ನನ್ನ ವೈರನ್ನು ಕಿತ್ತ. ನಾನು ಅವನ ಕುರ್ಚಿಯನ್ನು ಎಳೆದೆ. ಬೆಳಿಗ್ಗೆ ಎದ್ದ ಕೂಡಲೇ ನಾನು ಮೌಸಿನ ಮೇಲೆ ಉದುರಿದ ನಾರಿನ ಪುಡಿಯನ್ನು ಒರೆಸುತ್ತಿದ್ದೆ, ಕಸ ಗುಡಿಸುವಾಗ ಸಿಕ್ಕಿಕೊಳ್ಳದಂತೆ ವೈರನ್ನು ಸುತ್ತಿ ಮೇಲಿಡುತ್ತಿದ್ದೆ. ಮನೆಯಲ್ಲಿ ನನ್ನ ಎಡಗೈಗೆಂದು ಇದ್ದ ವಸ್ತು ಅದೊಂದೇ. ಅದನ್ನು ಹಿಡಿದಾಗ ಬೆರಳು ಒಂದೂ ತಡವರಿಸುತ್ತಿರಲಿಲ್ಲ. ಹಾಗೆ ಹಿಡಿದಿದ್ದನ್ನು ನೋಡಿದಾಗಲೆಲ್ಲ ಅಜ್ಜಿ ದೇವರ ಮನೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು.

ಜಗಳ ದಿನದ ಊಟದಂತಾಯಿತು. ಮಾರುಕಟ್ಟೆಯಿಂದ ಬಂದ ಅಪ್ಪ ಚಪ್ಪಲಿ ಬಿಡುವ ಮೊದಲೇ ಅವನ ಕಿವಿಗೆ ಬೀಳುತ್ತಿದ್ದದ್ದು ನಮ್ಮ ದನಿ. ಕೆಲವು ದಿನ ಅಣ್ಣನಿಗೆ ಒಂದು ಏಟು, ನನಗೆ ಒಂದು. ಹೆಚ್ಚಿನ ದಿನ ನನಗಷ್ಟೇ. ಆಮೇಲೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಕ್ಕಳನ್ನು ಬೆಳೆಸಿದ ರೀತಿ ಇದು ಎಂದು ಅಮ್ಮನಿಗೆ ಶುರುಮಾಡುತ್ತಿದ್ದ. ಒಂದು ಸಂಜೆ ಅವಳು ತಂದಿಟ್ಟ ಕಾಫಿಯ ಲೋಟವನ್ನು ಅವಳ ಕಾಲಿನ ಹತ್ತಿರಕ್ಕೆ ಎಸೆದ. ಅಮ್ಮ ನೆಲ ಒರೆಸಿ ಇನ್ನೊಂದು ಲೋಟ ಕಾಫಿ ಮಾಡಿ ತಂದಳು. ನಾನು ಅದನ್ನು ಕುರ್ಚಿಯಲ್ಲಿ ಕೂತೇ ನೋಡಿದೆ. ನನಗೆ ಅವಳ ಮೇಲೂ ಸಿಟ್ಟು ಬಂತು.

ಅದಾದ ಕೆಲವು ದಿನಕ್ಕೆ, ಶಾಲೆಯಿಂದ ಬಂದು ನೋಡಿದರೆ ನನ್ನ ಮೌಸಿನ ವೈರು ಎರಡು ತುಂಡಾಗಿತ್ತು. ಅಜ್ಜಿ ಇಲಿ ಕಡಿದಿರಬೇಕು ಎಂದಳು. ಅಪ್ಪನೂ ಅಟ್ಟದ ಇಲಿಯೇ ಎಂದ, ಅಣ್ಣನೂ ಇಲಿ ಎಂದ. ಅಮ್ಮ ಹುಣಿಸೆಹಣ್ಣು ಬಿಡಿಸುತ್ತಿದ್ದಳು, ಅವಳನ್ನು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಇಲಿ ಕಡಿದ ಗೋಣಿಚೀಲ, ಇಲಿ ಕಡಿದ ಸೀರೆ, ಇಲಿ ಕಡಿದ ಪುಸ್ತಕ ಎಲ್ಲವನ್ನೂ ನಾನು ನೋಡಿದ್ದೆ. ಇಲಿ ಕಡಿದದ್ದು ಚಿಂದಿಯಾಗಿರುತ್ತದೆ. ಈ ವೈರಿನ ಎರಡೂ ತುದಿ ಒಂದೇ ಏಟಿಗೆ ಕುಯ್ದ ಹುರುಳಿಕಾಯಿಯಂತೆ ನೇರವಾಗಿದ್ದವು. ಅಪ್ಪನ ಮುಂದೆ ಹಿಡಿದು ತೋರಿಸಿದೆ. ಅವನು ನೋಡಲಿಲ್ಲ. ಅಣ್ಣನೇ ಕತ್ತರಿಸಿದ್ದಾನೆ ಎಂದೆ. ಅವನು ದೇವರ ಮನೆಯ ಕಡೆ ಕೈ ಮಾಡಿ ಆಣೆ ಇಟ್ಟ. ಸುಳ್ಳು ಆಣೆ ಇಡಲು ನಾಚಿಕೆಯಾಗಬೇಕು ಎಂದೆ. ಜಗಲಿಯಲ್ಲಿ ಕಾಯಿ ಸುಲಿಯಲು ಬಂದವರು ಕೂತಿದ್ದರು, ಅವರಿಗೂ ಕೇಳುವ ಹಾಗೆ ಕಳ್ಳ ಎಂದೆ. ಅಪ್ಪ ಎದ್ದು ಬಂದು ನನ್ನ ತೋಳು ಹಿಡಿದ.

"ಬೀಳು ಅವನ ಕಾಲಿಗೆ. ತಪ್ಪಾಯ್ತು ಅನ್ನು."

ನಾನು ಬೀಳಲಿಲ್ಲ. ಅಪ್ಪ ಕತ್ತು ಹಿಡಿದು ಬಗ್ಗಿಸಿದ. ಅಣ್ಣನ ಕಾಲು ನನ್ನ ಹಣೆಯ ಹತ್ತಿರ ಇತ್ತು, ಅವನು ಅದನ್ನು ಹಿಂದಕ್ಕೆ ಎಳೆದುಕೊಂಡ. ಅಪ್ಪ ಅಲ್ಲೇ ನಿಲ್ಲು ಎಂದ ಮೇಲೆ ಮತ್ತೆ ಮುಂದಕ್ಕೆ ತಂದ. ತಪ್ಪಾಯ್ತು ಎಂದೆ. ಕೇಳಿಸಲಿಲ್ಲ ಎಂದ ಅಪ್ಪ. ಇನ್ನೊಂದು ಸಲ ಎಂದೆ. ಎದ್ದಾಗ ಎದುರಿಗೆ ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಹುಣಿಸೆಹಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದಳು.

ವೈರನ್ನು ನಾನೇ ಕೂಡಿಸಿದೆ. ಹೊರಗಿನ ದಾರದ ಹೆಣಿಗೆಯನ್ನು ಹಿಂದಕ್ಕೆ ಸರಿಸಿ ಬ್ಲೇಡಿನಿಂದ ತೊಗಟೆ ಬಿಡಿಸಿದರೆ ಒಳಗೆ ನಾಲ್ಕು ಎಳೆ, ನಾಲ್ಕು ಬಣ್ಣ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಎಂದು ಒಂದೊಂದನ್ನೇ ತಿರುಚಿ, ಒಂದಕ್ಕೊಂದು ತಾಗದಂತೆ ಟೇಪು ಸುತ್ತಿದೆ. ಒಂದು ಎಳೆ ತುಂಡಾಗಿ ಮತ್ತೆ ಮೊದಲಿನಿಂದ ಬಿಡಿಸಬೇಕಾಯಿತು. ಭಾನುವಾರ ಮಧ್ಯಾಹ್ನ ಚುಚ್ಚಿದಾಗ ಮೌಸಿನ ಬೆನ್ನಿನ ದೀಪ ಹತ್ತಿತು. ಗಂಟು ಬಿದ್ದ ಜಾಗ ಮೇಜಿನ ಅಂಚಿಗೆ ತಾಗಿ ತಡೆಯುತ್ತಿತ್ತು, ಜೋರಾಗಿ ಎಳೆದರೆ ದೀಪ ಆರುತ್ತಿತ್ತು, ಆದರೂ ಓಡಿತು. ಅಪ್ಪ, ಅಣ್ಣ ತೋಟಕ್ಕೆ ಹೋಗಿದ್ದರು, ಅಜ್ಜಿ ಮಲಗಿದ್ದಳು. ಅಮ್ಮ ನಡುಮನೆಯಲ್ಲೇ ಈಳಿಗೆಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ಹೆಚ್ಚುವುದು ನಿಂತಿತು.

"ಸರಿ ಮಾಡ್ಕೊಂಡ್ಯಾ?"

ಹೂಂ ಎಂದೆ.

"ಮತ್ತೆ ಶುರುವಾಗ್ತೈತೆ ಹಂಗಾದ್ರೆ."

ಶುರು ಮಾಡುವುದು ನಾನಲ್ಲ, ನಿನ್ನ ಮಗ, ಕತ್ತರಿಸಿ ಆಣೆ ಬೇರೆ ಇಡುತ್ತಾನೆ ಎಂದೆ. ಅಮ್ಮ ಕೈಯಲ್ಲಿದ್ದ ಹುರುಳಿಕಾಯಿಯನ್ನು ಕೆಳಗಿಟ್ಟಳು.

"ಅವನನ್ನ ಅನ್ಬೇಡ. ನಾನೇ ಕಣೇ ಅದನ್ನ ಕುಯ್ದಿದ್ದು."

ನಾನು ಅವಳ ಮುಂದಿದ್ದ ಈಳಿಗೆಯನ್ನು ನೋಡಿದೆ. ಮೊದಲು ನನಗೆ ಅನಿಸಿದ್ದು ಸಿಟ್ಟಲ್ಲ, ಅವಮಾನ. ಅಣ್ಣನ ಕಾಲಿನ ಹತ್ತಿರ ನನ್ನ ಹಣೆ ಇದ್ದಾಗ ಇವಳು ಅಲ್ಲೇ ನಿಂತಿದ್ದಳು, ಎಲ್ಲ ಗೊತ್ತಿದ್ದು ನಿಂತಿದ್ದಳು. ಯಾಕೆ ಎಂದು ಕೇಳಿದೆ. ಮನೆಯಲ್ಲಿ ಒಂದು ದಿನವಾದರೂ ಗಲಾಟೆ ಇಲ್ಲದೆ ಇರಲಿ ಅಂತ ಎಂದಳು. ಹಾಗಾದರೆ ಅವನ ಮೌಸನ್ನು ಯಾಕೆ ಕುಯ್ಯಲಿಲ್ಲ ಎಂದೆ.

"ಅವಂದು ಕುಯ್ದಿದ್ರೆ ಅವನು ಮನೇಲಿ ಇರೋಕ್ ಬುಡ್ತಿದ್ನಾ? ನಿಮ್ಮಪ್ಪ ಬುಡ್ತಿದ್ರಾ? ನೀನಾದ್ರೆ ಸಹಿಸ್ಕೊತೀಯ ಅಂತ ನಿಂದು ಕುಯ್ದೆ."

ಅವಳು ಅದನ್ನು ಹೊಗಳಿಕೆಯ ಹಾಗೆ ಹೇಳಿದಳು. ನಾನು ಬಹಳ ಯೋಚಿಸಿದ್ದೇನೆ, ಅವಳ ದನಿಯಲ್ಲಿ ಇದ್ದದ್ದು ಅದೇ. ನನ್ನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡ ಹಾಗೆ, ನಾವಿಬ್ಬರೂ ಒಂದೇ ಎಂದ ಹಾಗೆ. ಅವಳ ಪಕ್ಕದ ಆ ಜಾಗ ನನಗೆ ಬೇಕಾಗಿರಲಿಲ್ಲ. ಇದನ್ನು ಎಲ್ಲರ ಮುಂದೆ ಹೇಳು ಎಂದೆ. ಈಗ ಯಾಕೆ, ಮುಗಿದು ಹೋಯಿತಲ್ಲ ಎಂದಳು. ಹೇಳದಿದ್ದರೆ ನಾನೇ ಹೇಳುತ್ತೇನೆ, ಜಗಲಿಯಲ್ಲಿ ನಿಂತು ಹೇಳುತ್ತೇನೆ ಎಂದೆ. ಅವಳು ಮತ್ತೆ ಹುರುಳಿಕಾಯಿ ಹೆಚ್ಚತೊಡಗಿದಳು.

ರಾತ್ರಿ ಊಟಕ್ಕೆ ಕೂತೆವು. ಅಪ್ಪ, ಅಣ್ಣ, ಅಜ್ಜಿ, ನಾನು. ಅಮ್ಮ ಮುದ್ದೆ ಇಟ್ಟಳು. ನಾನು ಮುರಿಯದೆ ಅವಳನ್ನೇ ನೋಡುತ್ತಿದ್ದೆ. ಸಾರಿನ ಪಾತ್ರೆ ಹಿಡಿದು ಅಪ್ಪನ ತಟ್ಟೆಯ ಮುಂದೆ ಬಗ್ಗಿದಳು.

"ಆ ಮೌಸಿನ ವೈರು ನಾನೇ ಕುಯ್ದಿದ್ದು," ಎಂದಳು. "ಸಾರು ಹಾಕ್ಲಾ?"

ಅಪ್ಪ ತಲೆ ಎತ್ತಿ ಅವಳನ್ನು ನೋಡಿದ. ಹಾಕು ಎಂದ. ಅವಳು ಹಾಕಿದಳು. ಅಜ್ಜಿ, ಒಳ್ಳೆ ಕೆಲಸ ಮಾಡಿದೆ ಎಂದಳು. ಅಣ್ಣ ಮಾತ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, ಹಾಗಾದರೆ ಇವಳನ್ನು ನನ್ನ ಕಾಲಿಗೆ ಯಾಕೆ ಬೀಳಿಸಿದಿರಿ ಎಂದು ಕೇಳಿದ. ಅವನು ನನ್ನ ಪರವಾಗಿ ಆಡಿದ ಮಾತು ಅದೊಂದೇ, ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅಪ್ಪ ನನ್ನ ಕಡೆ ತಿರುಗಿ ಹೇಳಿದ.

"ಅಣ್ಣನ ಕಾಲಿಗೆ ತಾನೇ ಬಿದ್ದಿದ್ದು. ನಿಂದೇನು ಸವೆದೋಯ್ತು? ಉಣ್ಣು."

ಮರುದಿನ ಅಪ್ಪ ಕಂಪ್ಯೂಟರನ್ನು ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ. ಅಣ್ಣನ ಮೌಸೂ ಅದರ ಜೊತೆಗೇ ಹೋಯಿತು. ನನ್ನದನ್ನು ನಾನು ಅಷ್ಟರೊಳಗೆ ಕಿತ್ತು ಶಾಲೆಯ ಬ್ಯಾಗಿಗೆ ಹಾಕಿಕೊಂಡಿದ್ದೆ. ಆ ವರ್ಷವೇ ಅಣ್ಣ ತುಮಕೂರಿಗೆ ಓದಲು ಹೋದ, ಮನೆಯಲ್ಲಿ ಅಮ್ಮ ಬಯಸಿದ ಶಾಂತಿ ಬಂತು. ಮುಂದೆ ನಾನು ಪಿಯುಸಿಗೆಂದು ದಿನಾ ಬಸ್ಸಿನಲ್ಲಿ ತಿಪಟೂರಿಗೆ ಓಡಾಡತೊಡಗಿದಾಗ ಬಸ್‌ಸ್ಟ್ಯಾಂಡಿನ ಹಿಂದಿನ ಸೈಬರ್ ಸೆಂಟರಿನಲ್ಲಿ ಗೋಡೆ ಪಕ್ಕದ ಕಂಪ್ಯೂಟರಿಗೆ ಆ ಮೌಸನ್ನು ಚುಚ್ಚಿಕೊಂಡು ಆಡುತ್ತಿದ್ದೆ. ಎಡಗೈಯಲ್ಲಿ ಆಡುವ ಹುಡುಗಿಯನ್ನು ನೋಡಲು ಮೊದಮೊದಲು ಹುಡುಗರು ಹಿಂದೆ ಬಂದು ನಿಲ್ಲುತ್ತಿದ್ದರು. ಅವರನ್ನು ಒಬ್ಬೊಬ್ಬರಾಗಿ ಸೋಲಿಸಿದ ಮೇಲೆ ನಿಲ್ಲುವುದನ್ನು ಬಿಟ್ಟರು. ಮೌಸ್ ಮಾತ್ರವಲ್ಲ, ಆಗಿನಿಂದ ನನ್ನದು ಎನ್ನುವ ಯಾವುದನ್ನೂ ನಾನು ಮನೆಯಲ್ಲಿ ಬಿಟ್ಟು ಹೋಗುತ್ತಿರಲಿಲ್ಲ. ಪೆನ್ನು, ಕನ್ನಡಿ, ಗೆಳತಿ ಕೊಟ್ಟ ಬಳೆ, ಓದಲು ತಂದ ಪುಸ್ತಕ, ಮಡಿಸಿದ ಎರಡು ಜೊತೆ ಬಟ್ಟೆ ಎಲ್ಲ ಬ್ಯಾಗಿನಲ್ಲೇ. ಭುಜ ನೋಯುತ್ತಿತ್ತು, ಹೊರುತ್ತಿದ್ದೆ. ಮಲಗುವಾಗ ತಲೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದೆ.

ಪಿಯುಸಿ ಮುಗಿದು ಹಾಸನದಲ್ಲಿ ಹಾಸ್ಟೆಲಿಗೆ ಸೇರುವ ದಿನ ಅಮ್ಮ ಬೆಳಿಗ್ಗೆಯೇ ಎದ್ದು ರೊಟ್ಟಿ ಕಟ್ಟಿದಳು. ಸಾಮಾನು ಜೋಡಿಸಿಕೊಡುತ್ತೇನೆಂದು ಟ್ರಂಕು ಎಳೆದು ತಂದು, ಬಟ್ಟೆಯ ಬೀರುವಿನಲ್ಲಿ ನನ್ನ ಪಾಲಿನ ಅರೆಯ ಬಾಗಿಲು ತೆಗೆದಳು. ಒಳಗೆ ಎರಡು ಹಳೆಯ ಲಂಗ, ಒಂದು ಹಾಸಿದ ಪೇಪರು, ಅಷ್ಟೇ ಇತ್ತು.

"ನಿನ್ನ ಸಾಮಾನೆಲ್ಲ ಎಲ್ಲೇ?" ಎಂದಳು. "ಯಾವಾಗ ಎತ್ತಿಟ್ಕೊಂಡೆ?"

ನಾನು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಆ ಅರೆ ಖಾಲಿಯಾಗಿ ವರ್ಷಗಳೇ ಆಗಿದ್ದವು. ಅವಳು ಅದನ್ನು ನೋಡಿದ್ದು ಅವತ್ತೇ ಮೊದಲು.